ಅಪ್ಪನ ಬಾಯಿ ಮುಚ್ಚಿಸಿದ ಸುವರ್ಣಗಡ್ಡೆ

ಇವತ್ತು ಶಹಾಪುರದ ಸಂತೆಯಲ್ಲಿ ಮಣ್ಣು ಮೆತ್ತಿದ ಸುವರ್ಣಗಡ್ಡೆ ಕಂಡಿದ್ದೇ ತಡ, ಅಂಗೈ ತುರಿಸಿದಂತಾಯಿತು.

ನಾನು ಚಿಕ್ಕವಳಿದ್ದಾಗ ಗೋಗಿ ಊರಿನ ನಮ್ಮ ಮನೆಗೆ ಆ ಗಡ್ಡೆಯನ್ನು ಮೊದಲು ತಂದುಕೊಟ್ಟವರು ಉಡುಪಿ ಕಡೆಯಿಂದ ಬಂದಿದ್ದ ನಮ್ಮ ಶಾಲೆಯ ಟೀಚರು. ಹೇಗೆ ಮಾಡಬೇಕೆಂದು ಕೇಳಲು ಅವ್ವನಿಗೆ ಸಂಕೋಚ. ಆಲೂಗಡ್ಡೆಯಂತೆಯೇ ಹೆಚ್ಚಿ, ಒಗ್ಗರಣೆಗೆ ಹಾಕಿ, ಮೇಲೆ ಗುರೆಳ್ಳಿನ ಪುಡಿ ಉದುರಿಸಿದಳು. ಹೆಚ್ಚುವಾಗ ಕೈ ತುರಿಸಿದರೆ ಸೊಳ್ಳೆ ಕಚ್ಚಿರಬೇಕು ಅಂದುಕೊಂಡಳು.

ನಮ್ಮಪ್ಪ ಊಟಕ್ಕೆ ಕೂತರೆ ಹೆಸರಿಡದೆ ಏಳುವವರಲ್ಲ. ರೊಟ್ಟಿ ದಪ್ಪ, ಬೇಳೆಗೆ ಉಪ್ಪು ಸಾಲದು, ಏನಾದರೊಂದು. ಅವತ್ತು ಮಾತ್ರ ನಾಲ್ಕು ತುತ್ತು ಇಳಿದರೂ ತುಟಿ ಪಿಟಕ್ಕೆನ್ನಲಿಲ್ಲ. ಅವ್ವನ ಮುಖ ಅರಳಿತು.

"ಹೆಂಗ ಆಗ್ಯಾದ್ರಿ?" ಎಂದಳು.

ಅಪ್ಪ ಗಂಟಲು ಹಿಡಿದುಕೊಂಡು ನೀರಿನ ತಂಬಿಗೆ ತೋರಿಸಿದರು. ಕಣ್ಣಲ್ಲಿ ನೀರು, ನಾಲಿಗೆ ಹೊರಳುತ್ತಿಲ್ಲ. ಅಜ್ಜಿ ಒಂದು ತುತ್ತು ಹುಳಿ ಪುಂಡಿಪಲ್ಯವನ್ನು ಮಗನ ಬಾಯಿಗೆ ತುರುಕಿ, ಸೊಸೆಯ ಕಡೆ ತಿರುಗಿದಳು.

"ಹಡದಾಕಿ ನಾನು, ನನಗೂ ಇವನ ಬಾಯಿ ಮುಚ್ಚಸಾಕ ಆಗಿದ್ದಿಲ್ಲವ್ವ. ನೀ ಒಂದ ಪಲ್ಯದಾಗ ಮುಚ್ಚಿಸಿದಿ!"

ಅತ್ತೆಯ ಮುಂದೆ ಅವ್ವ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಹುಣಸೆಹುಳಿ ಹಾಕಿ ಬೇಯಿಸಿದರೆ ತುರಿಸುವುದಿಲ್ಲ ಎಂದು ಟೀಚರು ಮರುದಿನ ಹೇಳಿಕೊಟ್ಟರು.

ಇವತ್ತು ಗಡ್ಡೆ ಕೊಂಡು ನೇರ ತವರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಚೀಲದೊಳಗೆ ಇಣುಕಿದರು. ಇನ್ನೂ ಒಲೆ ಹಚ್ಚಿರಲಿಲ್ಲ. ಆಗಲೇ ಒಳಗಿದ್ದ ಅವ್ವನಿಗೆ ಕೇಳುವಂತೆ ಕೂಗಿದರು:

"ಪಲ್ಯ ಭಾಳ ಚಲೋ ಆಗ್ಯಾದ ನೋಡು!"