ನಾನು ಹೊಯ್ದ ನೀರು

ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಆ ಕೆಲವು ವರ್ಷ ನಾನು ಕುಶಾಲನಗರದ ಹತ್ತಿರ ಒಬ್ಬ ಪಾದ್ರಿಗಳ ಬಳಿ ಕಾಂಪೌಂಡರ್ ಆಗಿದ್ದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರ ಜೊತೆ ಜಗಳ ಮಾಡಿಕೊಂಡು ಬಂದ ನನ್ನಂಥ ಸಿಡುಕನಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ, ಅವರು ಕೊಟ್ಟರು. ನಮ್ಮದು ಹಾಸನದ ಕಡೆಯಿಂದ ಬಂದು ಬೇಸಾಯಕ್ಕೆ ನಿಂತ ಮನೆ. ಮಂಗಳವಾರ ಬಂತೆಂದರೆ ಹಣೆಗೆ ವಿಭೂತಿ ಇಟ್ಟುಕೊಂಡೇ ತೆಪ್ಪ ಹತ್ತಿ, ಹೊಳೆಯಾಚೆಯ ಕಾಡಿನಲ್ಲಿದ್ದ ಜೇನುಕುರುಬರ ಹಾಡಿಗೆ ಹೋಗುತ್ತಿದ್ದೆ. ಜ್ವರಕ್ಕೆ ಮಾತ್ರೆ ಕೊಡುವುದು, ಹುಣ್ಣು ತೊಳೆಯುವುದು ನನ್ನ ಪಾಲು. ಜಪ, ಪಾಠ ಪಾದ್ರಿಗಳ ಪಾಲು. ಊರಿನವರು ನನ್ನನ್ನು ಅರ್ಧ ಕಿರಿಸ್ತಾನ ಎಂದು ಛೇಡಿಸುತ್ತಿದ್ದರು. ಇಗರ್ಜಿಯವರಿಗೆ ನಾನು ಪೂರ್ತಿ ಹಿಂದೂ. ಎರಡು ಕಡೆಯೂ ನನಗೆ ಉರಿಯುತ್ತಿತ್ತು.

ಪಾದ್ರಿಗಳು ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಆಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲೇ ನನಗೊಂದು ವಾಕ್ಯ ಬಾಯಿಪಾಠ ಮಾಡಿಸಿದರು. ಹಾಡಿಯಲ್ಲಿ ಕಿರಿಸ್ತಾನರಾಗಲು ಜ್ಞಾನಸ್ನಾನ ಬೇಕಾದವರ ಪ್ರಾಣ ಹೋಗುವಂತಿದ್ದು ತಾವು ಇಲ್ಲದಿದ್ದರೆ, ನಾನೇ ತಲೆಗೆ ನೀರು ಹೊಯ್ದು ಆ ವಾಕ್ಯ ಹೇಳಬೇಕಂತೆ.

"ನಾನು ನಿಮ್ಮವನಲ್ಲವಲ್ಲ ಫಾದರ್, ನಡೆಯುತ್ತಾ?" ಎಂದೆ.

"ನಡೆಯುತ್ತದೆ. ಆಪತ್ಕಾಲದಲ್ಲಿ ಯಾರು ಬೇಕಾದರೂ ಕೊಡಬಹುದು. ಇಗರ್ಜಿ ಕೊಡುವುದನ್ನೇ ಕೊಡುತ್ತೇನೆ ಎಂಬ ಮನಸ್ಸಿದ್ದರೆ ಸಾಕು," ಎಂದರು.

ಆ ಮನಸ್ಸು ಎಂಥದ್ದು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಒಂದು ಆಷಾಢದಲ್ಲಿ ನಾನು ಹಾಡಿಗೆ ಹೋದ ಮೇಲೆ ಹೊಳೆ ಏರಿ, ತೆಪ್ಪ ಹಾಕುವಂತಿರಲಿಲ್ಲ. ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಒಂದು ಗುಡಿಸಲಿಗೆ ಕರೆದರು. ಹತ್ತು ದಿನದ ಹೆಣ್ಣುಮಗು ಉಸಿರಿಗೆ ಒದ್ದಾಡುತ್ತಿತ್ತು. ಅದರ ತಾಯಿ ಹಿಂದಿನ ವರ್ಷವಷ್ಟೇ ಪಾದ್ರಿಗಳಿಂದ ಜ್ಞಾನಸ್ನಾನ ಪಡೆದಿದ್ದಳು. ತಾಯಿಯ ತಾಯಿ, ಒಬ್ಬ ಮುದುಕಿ, ಪಡೆದಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಆ ಮಗುವಿಗೆ ಆಗುವಂಥದ್ದು ಏನೂ ಇರಲಿಲ್ಲ.

"ನೀರ್ ಹಾಕು ಸಾಮಿ," ಎಂದಳು ತಾಯಿ. "ಪಾದ್ರಿ ಬರಾಗಂಟ ಇದು ಇರಕಿಲ್ಲ."

ಲೋಟದಿಂದ ಮಗುವಿನ ಹಣೆಯ ಮೇಲೆ ನೀರು ಬಿಟ್ಟು, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಒಂದಕ್ಷರ ಬಿಡದೆ ಹೇಳಿದೆ. ಬಾಯಿ ಅದನ್ನು ಹೇಳುತ್ತಿದ್ದಾಗ ಮನಸ್ಸು ನಮ್ಮ ಮನೆದೇವರನ್ನು ಕೂಗಿಕೊಳ್ಳುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಅಷ್ಟು ಭಯವಾದಾಗ ನನಗೆ ಗೊತ್ತಿದ್ದ ದೇವರು ಅವನೊಬ್ಬನೇ. ಮಧ್ಯಾಹ್ನದೊಳಗೆ ಮಗು ಹೋಯಿತು.

ಮಾರನೆಯ ದಿನ ನೀರು ಇಳಿದು ಪಾದ್ರಿಗಳು ಬಂದರು. ಆಗ ತಕರಾರು ಶುರುವಾಯಿತು. ಜ್ಞಾನಸ್ನಾನ ಆಗಿದ್ದರೆ ಮಗು ಹೊಳೆ ದಾಟಿ ಇಗರ್ಜಿಯ ಮಣ್ಣಿಗೆ ಹೋಗಬೇಕು. ತಾಯಿಗೂ ಅದೇ ಬೇಕಿತ್ತು. ಆಗಿಲ್ಲದಿದ್ದರೆ ಆ ಮಣ್ಣಿನಲ್ಲಿ ಜಾಗವಿಲ್ಲ, ಕಾಡಿನಲ್ಲಿ ಹಿರಿಯರ ಪಕ್ಕದಲ್ಲೇ ಇಡಬಹುದು. ಮುದುಕಿ ಬೇಡುತ್ತಿದ್ದದ್ದು ಅದನ್ನೇ. ಆ ವಾಕ್ಯ ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ತಿಳಿದವನು ನಾನೊಬ್ಬನೇ.

"ಸರಿಯಾಗಿ ಹೇಳಿದಿರಾ?" ಎಂದರು ಪಾದ್ರಿಗಳು.

ಮುದುಕಿ, ಅವಳ ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಒಬ್ಬಳಿಗೆ ಮೋಸ, ಹೌದು ಎಂದರೆ ಇನ್ನೊಬ್ಬಳ ಹೊಟ್ಟೆ ಉರಿಸಿದಂತೆ. ಪಾದ್ರಿಗಳನ್ನು ಪಕ್ಕಕ್ಕೆ ಕರೆದು, "ಹೇಳಿದೆ ಫಾದರ್. ಆದರೆ ಒಳಗೊಳಗೆ ನಮ್ಮ ಮನೆದೇವರನ್ನೂ ಕರೆದುಬಿಟ್ಟೆ," ಎಂದೆ.

ಅವರು, "ಅದನ್ನು ನೀವು ನನಗೆ ಹೇಳಬಾರದಿತ್ತು," ಎಂದರು. ಆಮೇಲೆ ಜ್ಞಾನಸ್ನಾನ ಆಗಿದೆ ಎಂದೇ ತೀರ್ಮಾನಿಸಿದರು. ಅದು ಶಾಸ್ತ್ರದಿಂದ ಬಂದ ತೀರ್ಮಾನವೋ, ಆ ತಾಯಿಯ ಮುಖ ನೋಡಿ ಬಂದದ್ದೋ, ನನಗೆ ಇವತ್ತಿಗೂ ತಿಳಿಯದು.

ತೆಪ್ಪದ ಹತ್ತಿರ ಮುದುಕಿ ಮಗುವನ್ನು ಬಿಡಲೊಲ್ಲಳು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. ಪಾದ್ರಿಗಳನ್ನಲ್ಲ, ನನ್ನನ್ನು ಕೇಳಿದಳು: "ಆ ದಡದಾಗೆ ಇದ್ಕೆ ಗುರ್ತಿನೋರು ಯಾರವ್ರೆ?"

"ನಾನಿದ್ದೀನಲ್ಲವ್ವಾ," ಎಂದುಬಿಟ್ಟೆ. ಸಮಾಧಾನಕ್ಕೆ ಬಾಯಿಗೆ ಬಂದ ಮಾತು, ಅಷ್ಟೇ. ಅವಳು ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಬಟ್ಟೆ ಸುತ್ತಿದ ಮಗುವನ್ನು ನನ್ನ ಕೈಗೆ ಕೊಟ್ಟಳು. ಹೊಳೆ ದಾಟಿಸಿದವನೂ ನಾನೇ, ಗುಂಡಿಗೆ ಇಳಿಸಿದವನೂ ನಾನೇ. ಪಾದ್ರಿಗಳು ತಡೆಯಲಿಲ್ಲ. ಮನೆಗೆ ಬಂದಾಗ ಅವ್ವ ಹಿತ್ತಿಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದಳು. "ಯಾರ್ ಮನೆ ಸೂತಕ ಅಂತ ಕಳೀಲಿ ನಾನು?" ಎಂದು ಬೈದಳು.

ಮುಂದಿನ ಮಂಗಳವಾರ ಮುದುಕಿ ದಡದಲ್ಲೇ ಕಾಯುತ್ತಿದ್ದಳು. ನಾನು ತೆಪ್ಪ ಇಳಿಯುವ ಮೊದಲೇ ಕೇಳಿದಳು.

"ಕೂಸು ಹೆಂಗದೆ?"

ಚೆನ್ನಾಗದೆ ಎಂದೆ. ಅವಳು ತಲೆಯಾಡಿಸಿ ಹೋದಳು. ಅದರ ಮುಂದಿನ ವಾರವೂ ಕೇಳಿದಳು, ಅದರ ಮುಂದಿನ ವಾರವೂ. ನೋಡದೆ ಹೇಳುವುದು ಸರಿಯಲ್ಲ ಎನಿಸಿ, ಸೋಮವಾರ ಸಂಜೆ ಇಗರ್ಜಿಯ ಹಿಂದಕ್ಕೆ ಹೋಗಿ ಆ ಮಣ್ಣಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬರತೊಡಗಿದೆ.