ಗಿರಣಿಯ ಬಾಗಿಲ ಮೇಲೆ ಬೀಜಗಣಿತ

ನನ್ನ ಗಿರಣಿಯಲ್ಲಿ ಬೀಜಗಣಿತದ ಸಿನೆಮಾ ತೋರಿಸಲು ಬಿಡುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದೆ, ನಡೆಸಿಕೊಡಲಿಲ್ಲ. ಕನ್ನಡ ನಾಡು ಒಂದಾದ ಹೊಸತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಆಕೆ ನಮ್ಮೂರು ಕೊಣ್ಣೂರಿನಲ್ಲೇ ದೊಡ್ಡ ಹುಡುಗಿಯರಿಗೆ ಗಣಿತ ಕಲಿಸುತ್ತಿದ್ದಳು. ಸಿನೆಮಾ ಯಂತ್ರವನ್ನೂ ರೀಲನ್ನೂ ಶಿಕ್ಷಣ ಖಾತೆಯಿಂದ ಬೇಡಿ ತಂದಿದ್ದಳು; ಮರುದಿನವೇ ತಿರುಗಿ ಕೊಡಬೇಕಿತ್ತು. ನಮ್ಮ ಓಣಿಯಲ್ಲಿ ಕರೆಂಟು ಇದ್ದದ್ದು ನನ್ನ ಹಿಟ್ಟಿನ ಗಿರಣಿಗೆ ಮಾತ್ರ.

"ಹರೇದ ಹುಡುಗ್ಯಾರನ್ನ ಕತ್ತಲಾಗ ಕುಂದರಿಸಿ ಸಿನೆಮಾ ತೋರಸ್ತಾಳೇನಪಾ ನಿನ್ನ ತಂಗಿ?" ಎಂದು ಓಣಿಯ ಹಿರಿಯರು ಕೇಳಿದರು. ನಾನು ಗಿರಣಿಗೆ ಕೀಲಿ ಹಾಕಿ, ಎದುರಿನ ಕಟ್ಟೆಯ ಮೇಲೆ ಅವರ ಜೊತೆಗೇ ಕುಳಿತೆ.

ತಂಗಿ ಹುಡುಗಿಯರೊಂದಿಗೆ ಬಂದು ಕೀಲಿ ನೋಡಿದಳು. ಮುಚ್ಚಿದ ಬಾಗಿಲ ಮೇಲೆಯೇ ಸೀಮೆಸುಣ್ಣದಿಂದ ಸಮೀಕರಣ ಬರೆದಳು.

"ಕೀಲಿ ಗಿರಣಿಗೆ ಬಿದ್ದೈತಿ, ಲೆಕ್ಕಕ್ಕಲ್ಲ. ಬರಕೋರ್ರಿ," ಎಂದಳು.

"ರೊಟ್ಟಿ ಬಡಿಯೋರಿಗೆ ಇದ್ಯಾಕ ಬೇಕವಾ?" ಎಂದರು ಒಬ್ಬ ಹಿರಿಯರು.

"ನೀವೂ ಬಂದು ಕುಂದರ್ರಿ ಕಾಕಾ. ಲೆಕ್ಕ ಬರಲಿಲ್ಲಂದ್ರ ರೊಟ್ಟಿ ಬಡಿಯೋದು ಕಲಸ್ತೀನಿ."

ಹುಡುಗಿಯರು ನಕ್ಕರು. ನನಗೆ ಕುಳಿತಿರಲು ಆಗಲಿಲ್ಲ. ಎದ್ದು ಹೋಗಿ ಕೀಲಿ ತೆಗೆದೆ. ಹಿಂದಿನಿಂದ ಹಿರಿಯರು ನನ್ನ ಹೆಸರು ಹಿಡಿದು ಕೂಗಿದರು. ಅವರಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ: "ತಪ್ಪಾತು ತಂಗೆವ್ವ. ಮಂದಿಗೆ ಅಂಜಿ ನಿನ್ನ ಹೊರಗ ನಿಲ್ಲಿಸಿದ್ನಿ."