ನೋಡಿದರೆ ಬದಲಾಗುವ ನಂಬರು

ಮಿತ್ರರೇ, ಇವತ್ತು ಬೆಳಗಿನ ಮೀಟಿಂಗಿನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ನಮ್ಮ ಟೀಮಿನ ಗಿರೀಶನ ಮಾನ ತೆಗೆದೆ. "ನಿನ್ನ ಕೋಡು ಪೇಷೆಂಟ್‌ಗಳ ಟೋಕನ್ ನಂಬರ್ ಹಾರಿಸ್ತಿದೆ, ನೋಡ್ಕೋ" ಎಂದೆ, ಎಲ್ಲರೆದುರು. ಕೋಡಿನ ತಪ್ಪು ಹುಡುಕುವ ಡಿಬಗರ್‌ನಲ್ಲಿ ಒಂದೊಂದೇ ಸಾಲು ನಡೆಸುತ್ತ ಕಣ್ಣಾರೆ ಕಂಡಿದ್ದೆ: ಮುಂದಿನ ಟೋಕನ್ ನಲವತ್ತೊಂದು, ಮತ್ತೆ ನೋಡಿದರೆ ನಲವತ್ತೆರಡು, ಮತ್ತೆ ನೋಡಿದರೆ ನಲವತ್ತಮೂರು.

ಗಿರೀಶ ಧಾರವಾಡದವನು. ವಾದ ಮಾಡದೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತ.

"ಅಕ್ಕಾರ, ನೀವು ನಂಬರ್ ನೋಡಾಕಂತ ಅದರ ಮ್ಯಾಲೆ ಮೌಸ್ ಇಟ್ಟಾಗೆಲ್ಲ ಅದು ಹೊಸಾ ಟೋಕನ್ ಹರದು ಕೊಡ್ತದ. ಹಂಗ ಬರದೀನಿ. ಕೈ ತಗೀರಿ."

ತೆಗೆದೆ. ನಂಬರುಗಳು ಸಾಲಾಗಿ ಬಂದವು. ನನಗೆ ತಡೆಯಲಾಗಲಿಲ್ಲ, ಇನ್ನೊಮ್ಮೆ ಮೌಸ್ ಇಟ್ಟು ನೋಡಿದೆ. ಹಾರಿತು. "ಅಕ್ಕಾರ!" ಎಂದು ಮೌಸನ್ನೇ ಕಿತ್ತುಕೊಂಡ.

ನೋಡಿದ ಮಾತ್ರಕ್ಕೆ ಬದಲಾಗುವ ಹಾಗೆ ಯಾರಾದರೂ ಕೋಡು ಬರೆಯುತ್ತಾರೆಯೇ? ಆ ಜಗಳ ನಾಳೆಗಿರಲಿ. ಎಲ್ಲರೆದುರು ಬೈದವಳು ನಾನು, ಹಾಗಾಗಿ ಟೀಮ್ ಗ್ರೂಪಿನಲ್ಲಿ ಎಲ್ಲರೆದುರೇ ಸಾರಿ ಕೇಳಿದೆ.

ಈಗ ಆಫೀಸು ಮುಗಿಸಿ, ಮನೆಗೆ ಹೋಗುವ ಹೋಬೋಕನ್ ಫೆರಿ ದೋಣಿಯಲ್ಲಿದ್ದೇನೆ. ಗಿರೀಶ ಏನಾದರೂ ಉತ್ತರ ಕೊಟ್ಟನೇ ಎಂದು ಹತ್ತು ಸಲ ಫೋನ್ ನೋಡಿಯಾಯಿತು. ಇದೊಂದು ಮಾತ್ರ ಎಷ್ಟು ನೋಡಿದರೂ ಬದಲಾಗುತ್ತಿಲ್ಲ.